ಮಿಲಿಂದನಗರ ಕ್ರಾಸಿನ ಹತ್ತಿರ

ಮಾವಿನವಾಡಿ ಠಾಣೆಯ ರೈಟರ್ ಜ್ಞಾನದೇವ ಕಾಂಬಳೆ ಬರೆಯಲು ಕೂತನೆಂದರೆ ಕಳ್ಳತನವೂ ಚಂದ ಕಾಣುತ್ತಿತ್ತು. ಅಂಥ ಮುತ್ತು ಪೋಣಿಸಿದ ಅಕ್ಷರ. ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ದಾರಿಯ ಮೇಲಿನ ಈ ಊರಲ್ಲಿ ಠಾಣೆಗೆ ಬಂದವರಲ್ಲಿ ಅರ್ಧ ಮಂದಿ ಮರಾಠಿಯಲ್ಲಿ ಅಳುತ್ತಾರೆ, ಇನ್ನರ್ಧ ಮಂದಿ ಕನ್ನಡದಲ್ಲಿ ಬೈಯುತ್ತಾರೆ. ಎರಡನ್ನೂ ಕೇಳಿಸಿಕೊಂಡು, ಅಳು ಬೈಗುಳ ಎಲ್ಲ ಸೋಸಿ ತೆಗೆದು, ಕೋರ್ಟು ಒಪ್ಪುವಂಥ ಕನ್ನಡದಲ್ಲಿ ಫಿರ್ಯಾದಿ ಬರೆಯುವುದು ಅವನ ಕೆಲಸ. ಸಾಹೇಬರು ಎಷ್ಟೋ ಜನ ಬಂದರು, ಹೋದರು. ಜ್ಞಾನದೇವನ ಕುರ್ಚಿಯನ್ನು ಯಾರೂ ಅಲುಗಿಸಲಿಲ್ಲ, ಏಕೆಂದರೆ ಅವನು ರಜೆ ಹಾಕಿದ ದಿನ ಠಾಣೆಯಲ್ಲಿ ಒಂದು ಕಾಗದವೂ ಮುಂದೆ ಸರಿಯುತ್ತಿರಲಿಲ್ಲ.

ಅವನ ಮನೆ ಮಿಲಿಂದನಗರದಲ್ಲಿ. ಊರ ಹೊರಗೆ, ಹೆದ್ದಾರಿಯ ಕಡೆಗೆ ಬಾಯಿ ತೆರೆದ ಓಣಿ. ಅಲ್ಲಿರುವವರೆಲ್ಲ ಬೌದ್ಧರು. ಆ ಓಣಿಗೆ ಮೊದಲು ಬೇರೆ ಹೆಸರಿತ್ತು; ಜಾತಿಯನ್ನು ಹಣೆಗೆ ಹಚ್ಚಿ ಊರವರು ಇಟ್ಟ ಹೆಸರು. ಅದನ್ನು ಜ್ಞಾನದೇವ ಬಾಯಲ್ಲಿ ತರುವುದಿಲ್ಲ, ನಾವೂ ತರುವುದು ಬೇಡ. ಅವನು ಕಾಲೇಜು ಓದುವ ಕಾಲಕ್ಕೆ ಓಣಿಯ ಹುಡುಗರೆಲ್ಲ ಸೇರಿ ಪಂಚಾಯತಿಗೆ ಅರ್ಜಿ ಕೊಟ್ಟು, ಬಸ್ ಡಿಪೋಗೆ ಅಲೆದು ಚಪ್ಪಲಿ ಸವೆಸಿ, ಕೊನೆಗೆ ಹೆದ್ದಾರಿಯ ಬದಿಗೆ ಒಂದು ಬೋರ್ಡು ನಿಲ್ಲಿಸಿದ್ದರು: ಮಿಲಿಂದನಗರ ಕ್ರಾಸ್. ಬೋರ್ಡು ನಿಂತರೇನು, ಮಂದಿಯ ನಾಲಿಗೆ ತಿರುಗಬೇಕಲ್ಲ. ಅದನ್ನು ಮೊದಲು ತಿರುಗಿಸಿದವಳು ಜ್ಞಾನದೇವನ ಅಕ್ಕ ಅಕ್ಕುತಾಯಿ.

ಅಕ್ಕುತಾಯಿ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಾಯಿಯಿಲ್ಲದ ತಮ್ಮನನ್ನು ನಿಪ್ಪಾಣಿಯ ತಂಬಾಕಿನ ವಖಾರಿನಲ್ಲಿ ದುಡಿದು ಓದಿಸಿದಳು. ಬೋರ್ಡು ನಿಂತ ಮರುದಿನ ಸಂಜೆ ಬಸ್ಸಿನಲ್ಲಿ ಕೂತು, “ಮಿಲಿಂದನಗರ ಒಂದ ಕೊಡ್ರಿ” ಅಂದಳು.

“ಅದೆಲ್ಲೈತಿ ಬೇ? ಬೆಳಗಾವ್ಯಾಗೇನು?” ಅಂದ ಕಂಡಕ್ಟರ್ ಹಳೆಯ ಹೆಸರನ್ನೇ ಬಸ್ಸಿಗೆಲ್ಲ ಕೇಳುವಂತೆ ಒದರಿ ಟಿಕೀಟು ಹರಿದ.

“ಆ ಊರ ನಂಗ ಗೊತ್ತಿಲ್ಲರಿ. ನಾ ಇಳ್ಯಾಕಿ ಮಿಲಿಂದನಗರದಾಗ.”

ಬಸ್ಸು ಕ್ರಾಸಿನಲ್ಲಿ ನಿಂತಿತು. ಆಕೆ ಏಳಲಿಲ್ಲ. ತಂಬಾಕಿನ ಘಾಟು ಹೊತ್ತ ಓಣಿಯ ಹೆಂಗಸರೆಲ್ಲ ಆಕೆಯ ಜೊತೆ ಕೂತೇ ಉಳಿದರು. ಹಿಂದೆ ಲಾರಿಗಳು ಹಾರ್ನು ಹೊಡೆದು ಹೊಡೆದು ಕಿವಿ ಹರಿಯತೊಡಗಿದಾಗ ಕಂಡಕ್ಟರ್ ಎರಡೂ ಕೈ ಮುಗಿದು, “ಇಳೀಬೇ ನಮ್ಮವ್ವಾ, ಮಿಲಿಂದನಗರ ಬಂತು” ಅಂದ. ಆಕೆ ಸೆರಗು ಸರಿಮಾಡಿಕೊಂಡು ರಾಣಿಯ ಹಾಗೆ ಇಳಿದಳಂತೆ. ಈ ಕಥೆಯನ್ನು ಓಣಿಯ ಕೂಸುಗಳೂ ಹೇಳುತ್ತವೆ.

ಆದರೆ ಊರಿನ ಬಾಯಿ ಒಂದು ಬಸ್ಸಿನಷ್ಟು ಸಣ್ಣದಲ್ಲ. ಓಣಿಯಿಂದ ಮುಂದೆ ಹೆದ್ದಾರಿಯ ಉದ್ದಕ್ಕೂ ಒಂದು ವೈನ್ ಶಾಪು, ಅದರಾಚೆ ಎರಡು ಢಾಬಾ, ಇನ್ನೂ ಆಚೆ ಸಕ್ಕರೆ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರುಗಳು ಪಾಳಿ ಹಚ್ಚಿ ನಿಲ್ಲುವ ಕಬ್ಬಿನ ಅಡ್ಡಾ. ಕುಡಿದು ತಲೆ ಒಡೆದುಕೊಂಡವರು, ಮೊಬೈಲು ಕಳೆದುಕೊಂಡವರು, ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿಸಿಕೊಂಡವರು ಎಲ್ಲ ಆ ಕಡೆಯಿಂದಲೇ ಠಾಣೆಗೆ ಬರುತ್ತಿದ್ದರು. ಎಲ್ಲಿ ಆಯಿತು ಅಂತ ಕೇಳಿದರೆ ಓಣಿಯ ಹಳೆಯ ಹೆಸರು ಹೇಳಿ, “ಅದರ ಮುಂದರಿ” ಅನ್ನುತ್ತಿದ್ದರು. ಆ ಹೆಸರು ಅವರ ಬಾಯಿಂದ ಬೀಳುತ್ತಲೇ ಜ್ಞಾನದೇವನ ಪೆನ್ನು ಅದನ್ನು ಒರೆಸಿಹಾಕುತ್ತಿತ್ತು. ‘ಕೃತ್ಯ ನಡೆದ ಸ್ಥಳ: ಮಿಲಿಂದನಗರ ಕ್ರಾಸಿನ ಹತ್ತಿರ.’ ವೈನ್ ಶಾಪಿನ ಮುಂದೆ ಆದದ್ದಕ್ಕೂ ಅದೇ, ಅಡ್ಡಾದಲ್ಲಿ ಆದದ್ದಕ್ಕೂ ಅದೇ. ಸಣ್ಣಪುಟ್ಟ ಪ್ರಕರಣ, ಹೋಗಿ ಅಳೆದು ನೋಡುವವರು ಯಾರು? ಸರಕಾರಿ ಕಾಗದದ ಮೇಲೆ ಆ ಹೆಸರು ಬಿದ್ದಾಗಲೆಲ್ಲ ಅವನಿಗೆ ಒಳಗೊಳಗೇ ಖುಷಿ. ಊರು ಹೇಳದಿದ್ದರೆ ಬೇಡ, ಸರಕಾರವಾದರೂ ಹೇಳಲಿ ಅಂತ. ಅಷ್ಟು ವರ್ಷ ಠಾಣೆಯಲ್ಲಿ ಕೂತೂ ಪಾಪ, ಅಲ್ಲಿಯ ಕಾಗದದಲ್ಲಿ ಯಾವ ಹೆಸರೂ ಒಳ್ಳೆಯ ಕಾರಣಕ್ಕೆ ಬರುವುದಿಲ್ಲ ಅನ್ನುವುದು ಅವನ ತಲೆಗೆ ಹೊಳೆಯಲಿಲ್ಲ.

ಕಬ್ಬಿನ ಹಂಗಾಮು ಶುರುವಾಗುವ ಹೊತ್ತಿಗೆ ಶುಭಾಂಗಿ ಬಂದಳು. ಕಾಗವಾಡದ ಮಾಸ್ತರರ ಮಗಳು, ಅಪರಾಧಗಳ ಬಗ್ಗೆ ಪಿಎಚ್‌ಡಿ ಮಾಡುತ್ತಿದ್ದಳು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ತಾಲೂಕುಗಳ ಫಿರ್ಯಾದಿಗಳನ್ನು ನೋಡಲು ಮೇಲಿನ ಸಾಹೇಬರ ಪರವಾನಗಿ ತಂದಿದ್ದಳು. ಲ್ಯಾಪ್‌ಟಾಪು ತೆರೆದು ಜ್ಞಾನದೇವನ ಮೇಜಿನ ಪಕ್ಕವೇ ಕೂತಳು.

“ಕಾಕಾ, ಕಳ್ಳತನ ಊರ ತುಂಬ ಆಗೂದಿಲ್ಲರಿ,” ಅಂದಳು. “ಕೆಲವು ಜಾಗಾದಾಗ ಮತ್ತ ಮತ್ತ ಆಕ್ಕಾವು. ಇಡೀ ಊರ ಸುತ್ತೂದಕ್ಕಿಂತ ಆ ಜಾಗಾದಾಗ ಪೊಲೀಸರು ಒಂದ್ ಹದಿನೈದ ನಿಮಿಷ ನಿಂತು, ಮಂದೀನ ಮಾತಾಡಿಸಿ ಹೋದ್ರ ಸಾಕು. ಯಾವಾಗ ಬರ್ತಾರ ಅಂತ ಮಾತ್ರ ಯಾರಿಗೂ ಗೊತ್ತಾಗಬಾರದು. ಹೊರದೇಶದಾಗ ಹಿಂಗ ಮಾಡಿ ನೋಡ್ಯಾರ, ಕಡಿಮಿ ಆಗೇತಿ.”

ಜ್ಞಾನದೇವನಿಗೆ ಈ ಮಾತು ಹಿಡಿಸಿತು. ಪೊಲೀಸರು ಬಡಿಗೆ ಬೀಸದೆ, ಬರೀ ನಿಂತು ಮಾತಾಡಿಯೇ ಕಳ್ಳತನ ತಡೆಯಬಹುದು ಅಂತ ಅವನಿಗೆ ಯಾವ ಸಾಹೇಬರೂ ಹೇಳಿರಲಿಲ್ಲ. ಅವನು ಸ್ಥಳ ಓದುತ್ತ ಹೋದ, ಆಕೆ ನಕಾಶೆಯ ಮೇಲೆ ಚುಕ್ಕೆ ಇಡುತ್ತ ಹೋದಳು. ಕೆಲಸ ಮುಗಿದ ದಿನ ಲ್ಯಾಪ್‌ಟಾಪನ್ನು ಅವನ ಕಡೆಗೆ ತಿರುಗಿಸಿ, “ನೋಡ್ರಿ ಕಾಕಾ, ಐದೂ ತಾಲೂಕಿನ್ಯಾಗ ಎಲ್ಲಾಕ್ಕಿಂತ ದೊಡ್ಡ ಹಾಟ್‌ಸ್ಪಾಟ್ ಇದ” ಅಂದಳು.

ಜ್ಞಾನದೇವ ಕನ್ನಡಕ ಹಾಕಿಕೊಂಡು ಬಾಗಿದ. ಕೆಂಪು ವರ್ತುಲದ ಒಳಗೆ ಓಣಿಯ ಸಮಾಜ ಮಂದಿರವಿತ್ತು. ಅದರ ಹಿಂದೆ ನೀಲಿ ತಗಡಿನ ಪತ್ರಾಸಿನ ಮಾಡು. ಅದು ಅವನದೇ ಮನೆ.

“ಇಲ್ಲೇನೂ ಆಗೂದಿಲ್ಲ ಮೇಡಂ. ಇದು ನಮ್ಮ ಓಣಿರಿ.”

“ನೀವ ಓದಿ ಹೇಳಿದ್ರಲ್ಲ ಕಾಕಾ? ಎಲ್ಲಾದ್ರಾಗೂ ಇದ ಜಾಗಾ ಐತಿ.”

ಹೇಳಬೇಕಾದ ಮಾತು ಏನೆಂದು ಅವನಿಗೆ ಗೊತ್ತಿತ್ತು. ಅದು ನಾನು ಬರೆದದ್ದು, ಮಂದಿ ಹೇಳಿದ್ದಲ್ಲ. ಕೃತ್ಯ ನಡೆದದ್ದು ವೈನ್ ಶಾಪಿನಲ್ಲಿ, ಅಡ್ಡಾದಲ್ಲಿ. ಇಷ್ಟು ಹೇಳಿದ್ದರೆ ಆಗುತ್ತಿತ್ತು. ಆದರೆ ಸ್ಥಳ ತಪ್ಪಿದೆ ಅಂತ ರೈಟರನೇ ಒಪ್ಪಿಕೊಂಡರೆ ಕೋರ್ಟಿನಲ್ಲಿ ನಿಂತ ಕೇಸುಗಳು ಮಕಾಡೆ ಬೀಳುತ್ತವೆ. ಮುಂದಿನ ವರ್ಷ ನಿವೃತ್ತಿ. ಇದು ಅವನು ತನಗೆ ತಾನೇ ಕೊಟ್ಟುಕೊಂಡ ಕಾರಣ. ನಿಜವಾದ ಕಾರಣ ಇನ್ನೂ ಕೆಳಗಿತ್ತು. ಮಂದಿ ಏನು ಹೇಳಿದ್ದರು ಅಂತ ಆ ಹುಡುಗಿ ಕೇಳುತ್ತಾಳೆ. ಆಗ ಹಳೆಯ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಇಷ್ಟು ವರ್ಷವಾದರೂ ಊರು ನಮ್ಮನ್ನು ಹಾಗೆಯೇ ಕರೆಯುತ್ತದೆ, ಮಿಲಿಂದನಗರ ಅನ್ನುವುದು ನನ್ನ ಪೆನ್ನಿನಲ್ಲಿ ಬಿಟ್ಟರೆ ಹೆಚ್ಚಾಗಿ ಎಲ್ಲಿಯೂ ಇಲ್ಲ ಅಂತ ಒಪ್ಪಬೇಕು. ಅದು ಅವನಿಂದ ಆಗಲಿಲ್ಲ.

“ಹೌದ್ರಿ,” ಅಂದ. “ಹಂಗ ಐತಿ.” ನೀರು ಕುಡಿಯುವ ನೆವ ಮಾಡಿ ಹೊರಗೆ ಹೋದ.

ಮೇಲಿನ ಸಾಹೇಬರು ಆ ನಕಾಶೆಗೆ ಒಪ್ಪಿದರು; ಮುಂದಿನ ವಾರದಿಂದ ಓಣಿಯ ಬಾಯಿಗೆ ಪೊಲೀಸ್ ಜೀಪು ಬಂದು ನಿಲ್ಲತೊಡಗಿತು. ಒಮ್ಮೆ ಮುಂಜಾನೆ, ಒಮ್ಮೆ ಮಧ್ಯಾಹ್ನ, ಒಮ್ಮೆ ದೀಪ ಹಚ್ಚುವ ಹೊತ್ತಿಗೆ. ಬರುವವರು ಬೇರೆ ಊರಿನಿಂದ ಬದಲಿಯಾಗಿ ಬಂದ ಹೊಸ ಪೊಲೀಸ್ ಹುಡುಗರು. ಮಂದಿಯನ್ನು ಮಾತಾಡಿಸಬೇಕು ಅಂತ ಶುಭಾಂಗಿ ಹೇಳಿದ್ದನ್ನು ಅವರು ತಮಗೆ ತಿಳಿದಂತೆ ಮಾಡಿದರು: ಹೆಸರೇನು, ಎಲ್ಲಿಗೆ ಹೊಂಟಿ, ಚೀಲದಾಗ ಏನೈತಿ, ಇತ್ತಾಗ ಮುಖಾ ಮಾಡು, ಫೋಟೋ ಹೊಡೀತೀನಿ. ಯಾವನೋ ಪೇಪರಿನವನು ‘ಐದು ತಾಲೂಕಿಗೆ ಒಂದೇ ಅಪಾಯದ ತಾಣ’ ಅಂತ ಬರೆದ. ಮಿಲಿಂದನಗರದ ಹೆಸರು ಅಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚಾದದ್ದು ಅದೇ ಮೊದಲು. ಹಳೆಯ ಹೆಸರನ್ನು ಬಿಡದಿದ್ದ ಊರು ಈಗ ಎರಡೇ ದಿನದಲ್ಲಿ ಹೊಸ ಹೆಸರು ಕಲಿತುಬಿಟ್ಟಿತು. ಕಂಡಕ್ಟರುಗಳು, “ಹಾಟ್‌ಸ್ಪಾಟ್ ಇಳ್ಯಾವ್ರು ಇಳೀರಿ, ಪಾಕೀಟ ನೋಡಕೋರಿ” ಅಂತ ಕೂಗಿ ಹಲ್ಲು ಕಿಸಿದರು. ಕಿಸಿಯುವವರಿಗೆ ಇಂಥದು ಸಿಕ್ಕರೆ ಹಬ್ಬ.

ಜ್ಞಾನದೇವನ ಮಗ ರೂಪೇಶ ಪೊಲೀಸ್ ಭರತಿ ಪರೀಕ್ಷೆಗೆ ತಯಾರಿ ನಡೆಸಿದ್ದ. ಓಣಿಯ ಗೆಳೆಯರ ಜೊತೆ ಸಮಾಜ ಮಂದಿರದಲ್ಲಿ ಓದಿ, ಸಂಜೆ ಕಟ್ಟೆಯ ಮೇಲೆ ಕೂತು ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಳ್ಳುತ್ತಿದ್ದರು. ಒಂದು ಸಂಜೆ ಜೀಪು ಬಂತು. ಗೆಳೆಯರು ಎದ್ದು ಓಡಿದರು. ತಾನೇನು ತಪ್ಪು ಮಾಡಿದ್ದೇನೆ ಅಂತ ರೂಪೇಶ ಕೂತೇ ಇದ್ದ. ಯಾವ ಓಣಿಯವನು ಅಂತ ಕೇಳಿದಾಗ, ಮನೆಯಲ್ಲಿ ಕಲಿಸಿದಂತೆ ಎದ್ದು ನಿಂತು “ಮಿಲಿಂದನಗರದಾಂವ್ರಿ” ಅಂದ. “ಹಂಗಾರ ನೀನ ಬೇಕಾಗಿದ್ದಿ ನೋಡ ಮಗನ” ಅಂತ ಆ ಹೊಸ ಪೊಲೀಸಿನವನು ಕಪಾಳಕ್ಕೆ ಬಾರಿಸಿದ. ನಮ್ಮಪ್ಪ ನಿಮ್ಮದೇ ಠಾಣೆಯ ರೈಟರ್ ಅಂತ ಒಂದು ಮಾತು ಹೇಳಿದ್ದರೆ ಅವನ ಕೈ ತಡೆಯುತ್ತಿತ್ತೋ ಏನೋ. ರೂಪೇಶ ಹೇಳಲಿಲ್ಲ.

ಕೆನ್ನೆ ಬಾತ ಮಗನನ್ನು ನೋಡಿ ತಾಯಿ ದ್ರೌಪದಿ ಕೆಂಡವಾದಳು. “ಅಲ್ಲರಿ, ನೀವು ದಿನಾ ಅಲ್ಲೇ ಕುಂತ ಬರ್ತೀರಿ. ಇಲ್ಲಿ ಇಂಥಾದ್ದೇನೂ ಇಲ್ಲ ಅಂತ ಸಾಹೇಬ್ರಿಗೆ ಒಂದ ಮಾತ ಹೇಳಾಕ ಬಾಯಾಗ ಏನ ಕಡಬ ತುರಕೊಂಡೀರೇನು?”

“ಹೇಳ್ತೀನಿ ತಡೀ.”

“ಯಾವಾಗ? ಅಂವಗ ಕೇಸ ಹಾಕಿದ ಮ್ಯಾಲೇನು?”

ಮೂಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಕ್ಕುತಾಯಿ ತಮ್ಮನ ಮುಖವನ್ನೇ ನೋಡಿದಳು. ಅವನು ಏನನ್ನೋ ನುಂಗಿಕೊಂಡಿದ್ದಾನೆ ಅಂತ ಆಕೆಗೆ ಗೊತ್ತಾಯಿತು. ಸಣ್ಣವನಿದ್ದಾಗಿನಿಂದ ಬಲ್ಲಳಲ್ಲವೇ. ಕೇಳಲಿಲ್ಲ, ಅಷ್ಟೇ.

ಶುಭಾಂಗಿಗೆ ಅವನು ಒಂದು ಮಾತು ಹೇಳಿಯೂ ನೋಡಿದ. ಜೀಪನ್ನು ತುಸು ಆಚೆ, ವೈನ್ ಶಾಪು ಅಡ್ಡಾದ ಕಡೆ ನಿಲ್ಲಿಸಿದರೆ ಹೇಗೆ ಅಂತ ಕೇಳಿದ. “ನಡಬರಕ ಜಾಗಾ ಬದಲ ಮಾಡಿದ್ರ ಎಲ್ಲಾ ಲೆಕ್ಕ ಕೆಡತೈತಿ ಕಾಕಾ. ಹಂಗಾಮ ಮುಗಿಯೂತನಕ ಹಿಂಗ ಇರಬೇಕು. ಯಾಕ, ಏನರ ಕಾರಣ ಐತೇನು?” ಅಂತ ಆಕೆ ನೇರವಾಗಿಯೇ ಕೇಳಿದಳು. ಕಾರಣ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಮತ್ತೆ ಬರಲಿಲ್ಲ. “ಹಂಗ ಕೇಳಿದೆ” ಅಂದುಬಿಟ್ಟ.

ಅದರ ಬದಲು ಅವನು ಇನ್ನೊಂದು ದಾರಿ ಹಿಡಿದ. ಹೊಸದಾಗಿ ಬಂದ ಫಿರ್ಯಾದಿಗಳಲ್ಲಿ ಸ್ಥಳವನ್ನು ಕೆದಕಿ ಕೆದಕಿ ಕೇಳಿ ಸರಿಯಾಗಿ ಬರೆಯತೊಡಗಿದ. ‘ವೈನ್ ಶಾಪಿನ ಪಕ್ಕ.’ ‘ಎರಡನೇ ಢಾಬಾದ ಹಿಂದೆ.’ ‘ಕಬ್ಬಿನ ಅಡ್ಡಾದ ಎದುರು.’ ಮಿಲಿಂದನಗರ ಅನ್ನುವ ಶಬ್ದವನ್ನು ಬರೆಯುವುದನ್ನೇ ಬಿಟ್ಟ. ಮುಂದಿನದು ಸರಿಯಾದರೆ ಹಿಂದಿನದು ತಾನೇ ಮಾಸಿಹೋಗುತ್ತದೆ ಅಂತ ಅವನ ಎಣಿಕೆ.

ಓಣಿಯವರೂ ಸುಮ್ಮನೆ ಕೂರಲಿಲ್ಲ. ಸಮಾಜ ಮಂದಿರದಲ್ಲಿ ಸಭೆ ಸೇರಿದರು. ಫಿರ್ಯಾದಿ ಕೊಟ್ಟಷ್ಟೂ ನಕಾಶೆ ಕೆಂಪಾಗುತ್ತದಂತೆ ಅನ್ನುವುದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. “ಇನ್ನ ನಮ್ಮ ಓಣ್ಯಾಗಿನಾವ್ರು ಯಾರೂ ಠಾಣೆ ಮೆಟ್ಟಲಾ ಹತ್ತೂದ ಬ್ಯಾಡ. ಕೋಳಿ ಹೋಗ್ಲಿ, ಬೈಕ್ ಹೋಗ್ಲಿ, ನಮ್ಮ ನಮ್ಮೊಳಗ ನೋಡಕೊಳ್ಳೂಣು. ಹೆಸರ ಉಳೀಬೇಕು,” ಅಂದರು ಹಿರಿಯರು. ಎಲ್ಲರೂ ಜ್ಞಾನದೇವನ ಕಡೆ ನೋಡಿದರು. ಪೊಲೀಸಿನವನಾಗಿ ಅವನು, ಇದು ತಪ್ಪು, ಮೋಸ ಹೋದವರು ಬಾಯಿ ಮುಚ್ಚಿದರೆ ಮಾಡಿದವರಿಗೆ ಧೈರ್ಯ ಬರುತ್ತದೆ ಅಂತ ಹೇಳಬೇಕಿತ್ತು. ಅವನು ಹೌದೆಂದು ತಲೆಯಾಡಿಸಿದ.

ಹಂಗಾಮು ಮುಗಿಯುತ್ತ ಬಂದಿತ್ತು. ಅಕ್ಕುತಾಯಿ ಒಂದು ಆಡು ಸಾಕಿದ್ದಳು. ಅದಕ್ಕೆ ಹಾಕಲು ಟ್ರ್ಯಾಕ್ಟರುಗಳಿಂದ ಉದುರಿದ ಕಬ್ಬಿನ ಸೋಗೆ ಆರಿಸಿಕೊಂಡು ಬರಲು ಮುಂಜಾನೆ ಅಡ್ಡಾದ ಕಡೆ ಹೋಗುತ್ತಿದ್ದಳು. ಕೊರಳಲ್ಲಿ ಒಂದೆಳೆ ಬೋರಮಾಳ. ವಖಾರಿನಲ್ಲಿ ಕೆಮ್ಮುತ್ತ ದುಡಿದ ದುಡ್ಡಿನಲ್ಲಿ ಮಾಡಿಸಿಕೊಂಡ ಆ ಬಂಗಾರದ ಮಣಿಗಳೇ ಆಕೆ ತನಗಾಗಿ ಅಂತ ಮಾಡಿಸಿಕೊಂಡ ಒಂದೇ ಒಡವೆ. ಆ ದಿನ ಸೋಗೆಯ ಹೊರೆ ತಲೆಯ ಮೇಲೆ ಏರಿಸಿಕೊಂಡು ತಿರುಗುವಾಗ ಬೈಕಿನಲ್ಲಿ ಇಬ್ಬರು ಬಂದರು. ಹಿಂದೆ ಕೂತವನು ಬೋರಮಾಳಕ್ಕೆ ಕೈ ಹಾಕಿ ಜಗ್ಗಿದ. ದಾರ ಹರಿಯುವ ಮೊದಲು ಬೈಕು ಆಕೆಯನ್ನೂ ಎಳೆದುಕೊಂಡೇ ಹೋಯಿತು. ನಿಂತಿದ್ದ ಟ್ರ್ಯಾಕ್ಟರಿನ ಟ್ರಾಲಿಯ ಕೊಂಡಿಗೆ ಸೊಂಟ ಬಡಿದು ಅಕ್ಕುತಾಯಿ ಕೆಳಗೆ ಬಿದ್ದಳು.

ಓಣಿಯ ಗಂಡಸರು ಆಕೆಯನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಚಿಕ್ಕೋಡಿಯ ಒಂದು ಆಸ್ಪತ್ರೆಗೆ ಒಯ್ದರು. ಜ್ಞಾನದೇವ ಯೂನಿಫಾರ್ಮಿನಲ್ಲೇ ಓಡಿ ಬಂದ. ಸೊಂಟದ ಎಲುಬು ಮುರಿದಿತ್ತು. ಕೊರಳ ಮೇಲೆ ದಾರ ಕೊಯ್ದ ಗೆರೆ ಸೆರಗಿನ ಕೆಳಗೆ ಮುಚ್ಚಿಹೋಗಿತ್ತು.

“ಹೆಂಗ ಬಿದ್ರು?” ಡಾಕ್ಟರು ಕೇಳಿದರು. ಯಾರಾದರೂ ಕೆಡವಿದ್ದಾದರೆ ಠಾಣೆಗೆ ತಿಳಿಸಬೇಕಾಗುತ್ತದೆ ಅಂತಲೂ ಅಂದರು.

ಓಣಿಯವರೆಲ್ಲ ಬಾಗಿಲಲ್ಲಿ ನಿಂತಿದ್ದರು. ಎಲ್ಲರ ಕಣ್ಣು ಜ್ಞಾನದೇವನ ಮೇಲೆ. ತಿಂಗಳುಗಟ್ಟಲೆ ಹಲ್ಲು ಕಚ್ಚಿ ಕಾಯ್ದುಕೊಂಡ ಹೆಸರು ಹಂಗಾಮಿನ ಕೊನೆಯಲ್ಲಿ ಮತ್ತೆ ಕೆಂಪಾಗಬಾರದು ಅಂತ ಅವರಿಗೆ. ತಾನೇ ಫಿರ್ಯಾದಿ ಬರೆದರೆ ಸ್ಥಳ ಸರಿಯಾಗಿ ಬರೆಯಬಹುದು ಅಂತ ಜ್ಞಾನದೇವನಿಗೆ ಗೊತ್ತಿತ್ತು. ಆದರೆ ಪ್ರಕರಣ ದೊಡ್ಡದು, ಸಾಹೇಬರೇ ಬರುತ್ತಾರೆ, ಅಡ್ಡಾದ ಹಳೆಯ ಪ್ರಕರಣಗಳೆಲ್ಲ ಎಲ್ಲಿ ಅಂತ ಕೇಳುತ್ತಾರೆ, ಆಗ ತಾನು ಸ್ಥಳ ಬದಲಿಸಿ ಬರೆದದ್ದು ಬಯಲಾಗುತ್ತದೆ. ಹೆದರಿ ಹೆದರಿ ಸಣ್ಣವನಾಗಿದ್ದ ಆ ಮನುಷ್ಯ, ತನ್ನನ್ನು ಸಾಕಿದ ಜೀವದ ಮುಂದೆಯೇ ನಿಂತು ಹೇಳಿದ:

“ಬಾತ್‌ರೂಮಿನ್ಯಾಗ ಜಾರಿ ಬಿದ್ದಾಳ್ರಿ.”

ಡಾಕ್ಟರು ಬರೆದುಕೊಂಡರು. ಅಕ್ಕುತಾಯಿ ತಮ್ಮನನ್ನು ನೋಡಿ ಕಣ್ಣು ಮುಚ್ಚಿದಳು.

ಆಪರೇಷನ್ ಆಯಿತು. ಆಕೆ ಚೇತರಿಸಿಕೊಳ್ಳಲಿಲ್ಲ. ಮಲಗಿದಲ್ಲೇ ಮಲಗಿ, ತಂಬಾಕಿನ ಧೂಳು ಕುಡಿದ ಎದೆಯಲ್ಲಿ ಕಫ ಕಟ್ಟಿತು. ಒಂದು ಮಧ್ಯಾಹ್ನ ದ್ರೌಪದಿ ಊಟ ತರಲು ಹೋದಾಗ ಆಕೆ ತಮ್ಮನನ್ನು ಹತ್ತಿರ ಕರೆದಳು.

“ಜ್ಞಾನೂ, ಯಾಕ ಹಂಗ ಅಂದಿ?”

“ಓಣಿ ಹೆಸರ ಬರತೈತಿ ಅಂತ, ಅಕ್ಕಾ.”

“ನಾ ಬಿದ್ದದ್ದು ಅಡ್ಡಾದಾಗ. ಓಣಿ ಹೆಸರ ಹೆಂಗ ಬರತೈತಿ?”

ಆಗ ಅವನು ಎಲ್ಲ ಹೇಳಿದ. ಯಾರು ಏನು ಅನ್ನುತ್ತಿದ್ದರು, ತಾನು ಏನು ಬರೆಯುತ್ತಿದ್ದೆ, ಆ ಹುಡುಗಿ ಎಲ್ಲಿ ಚುಕ್ಕೆ ಇಟ್ಟಳು, ತಾನು ಹೇಗೆ ಸುಮ್ಮನಾದೆ ಅಂತ. ಹಳೆಯ ಹೆಸರನ್ನು ಅಕ್ಕನ ಮುಂದೆಯೂ ಹೇಳಲಿಲ್ಲ. ಆಕೆಗೆ ಹೇಳಬೇಕಾಗಿಯೂ ಇರಲಿಲ್ಲ.

ಆಕೆ ಎಲ್ಲ ಕೇಳಿಸಿಕೊಂಡಳು. ಆಮೇಲೆ ಅಂದಳು: “ನಾ ಬಿದ್ದಾಗ ಜೀಪು ಕಾಣತಿತ್ತು ನೋಡು. ದೂರ, ನಮ್ಮ ಓಣಿ ಬಾಯಿಗೆ ನಿಂತಿತ್ತು. ಒಂದ ಸಮ ಒದರಿದೆ. ಟ್ರ್ಯಾಕ್ಟರ್ ಸಪ್ಪಳದಾಗ ಅವರಿಗೆ ಕೇಳಸಲಿಲ್ಲ.”

ಜ್ಞಾನದೇವ ಮಂಚದ ಕಬ್ಬಿಣ ಹಿಡಿದುಕೊಂಡು ನಿಂತ.

“ಅಡ್ಡಾದಾಗ ದಿನಾ ಹೆಣಮಕ್ಕಳು ಸೋಗಿ ಆರಸ್ತಾರ,” ಅಂದಳು ಅಕ್ಕುತಾಯಿ. “ಆ ಹುಡಿಗಿಗಿ ಹೋಗಿ ಹೇಳು. ಜೀಪು ಅಲ್ಲಿ ನಿಲ್ಲಲಿ. ಹೆಸರ ಏನ, ಇನ್ನೊಮ್ಮಿ ಗಳಿಸೂಣು.”

“ಹೇಳ್ತೀನಿ ಅಕ್ಕಾ. ನಾಳಿಗೆ ಹೋಗ್ತೀನಿ.”

ನಾಳೆ ಆಸ್ಪತ್ರೆಯಲ್ಲೇ ಕಳೆಯಿತು. ಅದರ ನಾಳೆ ಆಕೆಗೆ ಉಸಿರು ಹತ್ತಿತು. ಹೇಳಿ ಬಂದೆಯಾ ಅಂತ ಕಣ್ಣಿನಲ್ಲೇ ಕೇಳಿದಳು. ಹೂಂ ಅಂತ ಅವನು ಸುಳ್ಳೇ ತಲೆಯಾಡಿಸಿದ. ಅದನ್ನು ನಂಬಿಕೊಂಡೇ ಅಕ್ಕುತಾಯಿ ಸತ್ತಳು. ಮಣ್ಣಿಗೆ ಹೋದಾಗ ಓಣಿಯೆಲ್ಲ ಅತ್ತಿತು. ಜ್ಞಾನದೇವನಿಗೆ ಅಳು ಬರಲಿಲ್ಲ. ಅಳುವ ಹಕ್ಕು ತನಗಿಲ್ಲ ಅಂತ ಅವನಿಗೆ ಅನ್ನಿಸುತ್ತಿತ್ತು.

ಶುಭಾಂಗಿ ಮಾತಾಡಿಸಿಕೊಂಡು ಹೋಗಲು ಮನೆಗೆ ಬಂದಳು. ಅಕ್ಕುತಾಯಿಯ ಫೋಟೋಕ್ಕೆ ಕೈ ಮುಗಿದು, “ಬಾತ್‌ರೂಮಿನ ಫರಸಿ ಭಾಳ ಜಾರತೈತ್ರಿ ಕಾಕಾ. ನಮ್ಮ ಆಯಿನೂ ಹಿಂಗ ಬಿದ್ದಿದ್ರು” ಅಂದು ಕಣ್ಣು ಒರೆಸಿಕೊಂಡಳು. ಒಳ್ಳೆಯ ಹುಡುಗಿ. ಆಕೆಯ ಅನುಕಂಪ ಅವನನ್ನು ಚಾಟಿಯಂತೆ ಹೊಡೆಯಿತು. ಆಗಲೂ ಅವನು ಹೇಳಲಿಲ್ಲ. ಮನೆ ತುಂಬ ಓಣಿಯವರಿದ್ದರು.

ಹಂಗಾಮು ಮುಗಿದ ಮೇಲೆ ಚಿಕ್ಕೋಡಿಯಲ್ಲಿ ಕಾರ್ಯಕ್ರಮ ಇಟ್ಟರು. ಐದೂ ತಾಲೂಕಿನ ಠಾಣೆಯವರು, ಮೇಲಿನ ಸಾಹೇಬರು, ಪೇಪರಿನವರು ಬಂದಿದ್ದರು. ಶುಭಾಂಗಿ ಪರದೆಯ ಮೇಲೆ ಎರಡು ನಕಾಶೆ ತೋರಿಸಿದಳು. ಮೊದಲನೆಯದರಲ್ಲಿ ಮಿಲಿಂದನಗರದ ಮೇಲೆ ಕೆಂಪು ವರ್ತುಲ. ಎರಡನೆಯದರಲ್ಲಿ ಅದೇ ಜಾಗ ಹಚ್ಚ ಹಸಿರು. ಇಡೀ ಹಂಗಾಮಿನಲ್ಲಿ ಅಲ್ಲಿಂದ ಒಂದು ಫಿರ್ಯಾದಿಯೂ ಬಂದಿರಲಿಲ್ಲ. ಸಭೆ ಚಪ್ಪಾಳೆ ತಟ್ಟಿತು. ಅಡ್ಡಾದ ಮೇಲೆ ಹೊಸದಾಗಿ ಎದ್ದ ಸಣ್ಣ ಚುಕ್ಕೆಗಳನ್ನು ಯಾರೂ ನೋಡಲಿಲ್ಲ. ಬರುವ ಹಂಗಾಮಿಗೆ ಐದೂ ತಾಲೂಕಿನಲ್ಲಿ ಇದನ್ನೇ ಮಾಡುವುದು, ಮಾವಿನವಾಡಿಯ ಜೀಪನ್ನು ಬೇರೆ ಊರಿಗೆ ಕಳಿಸುವುದು ಅಂತ ಮೇಲಿನ ಸಾಹೇಬರು ಘೋಷಿಸಿದರು.

ಆ ಹಸಿರಿನ ಒಳಗೆ ಏನಿದೆ ಅಂತ ಜ್ಞಾನದೇವನೊಬ್ಬನಿಗೆ ಗೊತ್ತಿತ್ತು. ಬಾಯಿ ಮುಚ್ಚಿಕೊಂಡ ಓಣಿ, ತನ್ನ ಬದಲಾದ ಪೆನ್ನು, ಆಮೇಲೆ ಅಕ್ಕ. ಬರುವ ಹಂಗಾಮಿಗೆ ಅಡ್ಡಾದಲ್ಲಿ ಮತ್ತೆ ಹೆಂಗಸರು ಸೋಗೆ ಆರಿಸುತ್ತಾರೆ. ಅಲ್ಲಿ ಮಾತ್ರವಲ್ಲ, ಹತ್ತಿರದಲ್ಲೆಲ್ಲೂ ಜೀಪು ಇರುವುದಿಲ್ಲ.

“ಈ ಕೆಲಸಕ್ಕ ಎಲ್ಲಾರಕಿಂತ ಹೆಚ್ಚು ಸಹಾಯ ಮಾಡಿದ ಕಾಂಬಳೆ ಕಾಕಾ ಅವರಿಗೆ,” ಅಂತ ಶುಭಾಂಗಿ ಅವನನ್ನು ಮೇಲೆ ಕರೆದಳು. ಸಾಹೇಬರು ಶಾಲು ಹೊದಿಸಿದರು. ಎರಡು ಮಾತಾಡಲು ಮೈಕು ಕೊಟ್ಟರು. ಜ್ಞಾನದೇವನಿಗೆ ಭಾಷಣ ಬರುತ್ತಿರಲಿಲ್ಲ. ಅವನಿಗೆ ಬರುತ್ತಿದ್ದದ್ದು ಒಂದೇ.

“ಮೇಡಂ, ಪೆನ್ನ ತಗೋರಿ,” ಅಂದ. “ನಾ ಹೇಳ್ತೀನಿ, ಬರಕೋರಿ.”

ಆಕೆ ನಗುತ್ತಲೇ ಪೆನ್ನು ತೆಗೆದಳು. ಸಭೆಯಲ್ಲಿ ಒಂದಿಬ್ಬರು ನಕ್ಕರು.

“ಫಿರ್ಯಾದಿ ಕೊಡಾಂವ ಜ್ಞಾನದೇವ ಕಾಂಬಳೆ. ಸತ್ತಾಕಿ ಅಕ್ಕುತಾಯಿ, ನಮ್ಮ ಅಕ್ಕ. ಆಕಿ ಬಾತ್‌ರೂಮಿನ್ಯಾಗ ಬಿದ್ದಿಲ್ಲರಿ. ಬೈಕಿನ್ಯಾಗ ಬಂದ ಇಬ್ಬರು ಕೊಳ್ಳಾಗಿನ ಬೋರಮಾಳ ಹರಕೊಂಡು ಆಕೀನ ಕೆಡವಿದ್ರು. ಕೃತ್ಯ ನಡೆದ ಸ್ಥಳ, ಕಬ್ಬಿನ ಅಡ್ಡಾ. ಹಿಂದಿನ ವರ್ಷದ ಫಿರ್ಯಾದಿಗೋಳು, ಅದಕ್ಕೂ ಹಿಂದಿನವು, ಅವೂ ಭಾಳಷ್ಟು ಅಲ್ಲೀವು. ಮಿಲಿಂದನಗರ ಅಂತ ಬರದಾಂವ ನಾ. ಮಂದಿ ಹಂಗ ಹೇಳಿರಲಿಲ್ಲರಿ.”

ಸಾಹೇಬರು ಮೈಕಿಗೆ ಕೈ ಚಾಚಿದರು. ಅವನು ಕೊಡಲಿಲ್ಲ. ಶುಭಾಂಗಿಯ ನಗು ಆಗಲೇ ನಿಂತಿತ್ತು. ಆಕೆ ಪೆನ್ನು ಬಿಗಿಹಿಡಿದು, “ಮಂದಿ ಏನಂತ ಹೇಳಿದ್ರು ಕಾಕಾ?” ಅಂದಳು.

ಅವನು ಹಳೆಯ ಹೆಸರನ್ನು ಹೇಳಿದ. ತುಂಬಿದ ಸಭೆಯಲ್ಲಿ, ಮೈಕಿನಲ್ಲಿ, ಒಂದು ಸಲ.

ಶುಭಾಂಗಿ ಬರೆಯುತ್ತಿದ್ದಳು, ಕಣ್ಣಿಂದ ನೀರು ಕಾಗದದ ಮೇಲೆ ಬೀಳುತ್ತಿತ್ತು. ಫಿರ್ಯಾದಿಯಲ್ಲಿ ಇನ್ನೊಂದು ಕಾಲಮು ತುಂಬುವುದಿತ್ತು. ಪ್ರತಿಯೊಬ್ಬರನ್ನೂ ಅವನು ತಪ್ಪದೆ ಕೇಳುತ್ತಿದ್ದ ಕಾಲಮು ಅದು.

“ಫಿರ್ಯಾದಿ ಕೊಡಾಕ ತಡಾ ಆದದ್ದಕ್ಕ ಕಾರಣ,” ಅಂದ. ಶಾಲಿನ ತುದಿಯಿಂದ ಮುಖ ಒರೆಸಿಕೊಂಡು, ಆಕೆ ಬರೆದುಕೊಳ್ಳಲಿ ಅಂತ ಒಂದೊಂದೇ ಶಬ್ದ ಬಿಡಿಸಿ ಹೇಳಿದ: “ಸತ್ತಾಕೀ ತಮ್ಮ.”